ಒಂದನೇ ಕೋಣೆಯ ರಾತ್ರಿ

ಸಂಶೋಧನಾ ಸಂಸ್ಥೆಯ ಹಿಂಬದಿಯ ಕಟ್ಟಡದಲ್ಲಿ ಎರಡು ಬಾಗಿಲು ದಾಟಿ, ಕಾಲಿಗೆ ನೀಲಿ ಚೀಲ ತೊಟ್ಟು, ತಲೆಗೆ ಟೋಪಿ ಸಿಕ್ಕಿಸಿಕೊಂಡು ಒಳಗೆ ಹೋದರೆ ಸಿಗುವುದೇ ಇಲಿಮನೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿನ ಇಲಿಗಳನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಇಲಿಯಮ್ಮ ಎನ್ನುತ್ತಿದ್ದರು. ಮೊದಮೊದಲು ಅದು ಬೆನ್ನ ಹಿಂದೆ ಆಡುವ ಹೆಸರಾಗಿತ್ತು. ಅವಳೇ ಫೋನೆತ್ತಿ, "ಇಲಿಯಮ್ಮ ಮಾತಾಡ್ತಿರೋದು, ಹೇಳಿ" ಅನ್ನತೊಡಗಿದ ಮೇಲೆ ಆಡಿಕೊಳ್ಳುವವರ ಬಾಯಿ ತಾನಾಗಿ ಕಟ್ಟಿತು. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ನಾನೂರು ಮಕ್ಕಳ ಹೊಟ್ಟೆ ತುಂಬಿಸ್ಬೇಕು ದಿನಾ, ಪುರುಸೊತ್ತೆಲ್ಲಿ?" ಎಂದು ಬಕೆಟ್ ಎತ್ತಿಕೊಂಡು ಹೊರಟುಬಿಡುತ್ತಿದ್ದಳು.

ಗೂಡುಗಳಿಗೆ ಹೊಸ ಮರದ ಹೊಟ್ಟು ಹರವುವುದು, ನೀರಿನ ಬಾಟಲಿ ತೊಳೆದು ತುಂಬುವುದು, ಕಾಳು ಹಾಕುವುದು, ಪ್ರತಿ ಸೋಮವಾರ ಒಂದೊಂದನ್ನೇ ತೂಗುವುದು ಅವಳ ಕೆಲಸ. ಯಾವ ಇಲಿಗೆ ಮೈ ಸರಿಯಿಲ್ಲ ಎಂಬುದು ತಕ್ಕಡಿಗಿಂತ ಮೊದಲು ಅವಳ ಅಂಗೈಗೆ ತಿಳಿಯುತ್ತಿತ್ತು. ಹತ್ತನೇ ತರಗತಿಗೇ ಓದು ಬಿಟ್ಟವಳು. ಆದರೂ ತನಗೆ ಗೊತ್ತಿರುವುದು ಗೊತ್ತಿದೆ ಎಂದು ಹೇಳಲು ಅವಳು ಯಾರ ಮುಂದೆಯೂ ಹಿಂಜರಿದವಳಲ್ಲ.

ಮನೆಯಲ್ಲಿ ಅವಳ ಜೊತೆ ಅಕ್ಕ ಮತ್ತು ಅಕ್ಕನ ಮಗಳು. ಅಕ್ಕ ಬಿಸ್ಕತ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಹದಿನೆಂಟು ವರ್ಷ ದುಡಿದಿದ್ದಳು, ಅದರಲ್ಲಿ ಬಹುಪಾಲು ರಾತ್ರಿ ಪಾಳಿ. ಒಂದು ವಾರ ರಾತ್ರಿ, ಮುಂದಿನ ವಾರ ಸಂಜೆ, ಮತ್ತೆ ಎರಡು ವಾರ ರಾತ್ರಿ. ಗಂಡ ತೀರಿಕೊಂಡ ಮೇಲೆ ಮಗಳ ಶಾಲೆಗೆ ಹೊಂದುತ್ತದೆಂದು ಅವಳೇ ಕೇಳಿ ಪಡೆದದ್ದು. ಹಗಲು ಹೊತ್ತು ಕಿಟಕಿಗೆ ಹಳೆಯ ಟವೆಲ್ ಕಟ್ಟಿಕೊಂಡು, ಪಕ್ಕದ ಮನೆಯ ರೇಡಿಯೋ, ಬೀದಿಯ ತರಕಾರಿ ಗಾಡಿ, ಬಾಗಿಲು ತಟ್ಟುವ ಗ್ಯಾಸಿನವನು ಇಷ್ಟರ ನಡುವೆ ತುಣುಕು ತುಣುಕಾಗಿ ಮಲಗುತ್ತಿದ್ದಳು. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರಲ್ಲ, ನನಗೆ ಚಿಂತೆಯೂ ಇದೆ, ಸಂತೆಯೂ ಇದೆ" ಎಂದು ನಗುತ್ತಿದ್ದಳು. ಹೋದ ಚಳಿಗಾಲದಲ್ಲಿ ಅವಳ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯಾಗಿ ಈಗ ಮೂರು ವಾರಕ್ಕೊಮ್ಮೆ ಔಷಧಿ ಏರಿಸುತ್ತಿದ್ದರು.

ಅದೇ ಹೊತ್ತಿಗೆ ಇಲಿಮನೆಯಲ್ಲಿ ನಡೆಯುತ್ತಿದ್ದ ಪ್ರಯೋಗವೂ ಅಂಥದ್ದೇ ಆಗಿತ್ತು. ಅದರ ಮುಖ್ಯಸ್ಥೆಯನ್ನು ಎಲ್ಲರೂ ಬರೀ ಮೇಡಂ ಎನ್ನುತ್ತಿದ್ದರು. ನಲವತ್ತು ದಾಟದ, ಊಟ ಮರೆತು ಕೆಲಸ ಮಾಡುವ ಹೆಂಗಸು. ನಿದ್ದೆಯ ಹೊತ್ತು ಏರುಪೇರಾದರೆ ಕ್ಯಾನ್ಸರ್ ಗೆಡ್ಡೆ ಬೇಗ ಬೆಳೆಯುತ್ತದೆಯೇ ಎಂದು ನೋಡುವುದು ಅವರ ಉದ್ದೇಶ. ಎರಡೂ ಕೋಣೆಯ ಇಲಿಗಳಿಗೆ ಒಂದೇ ಬಗೆಯ ಗೆಡ್ಡೆಯ ಕಣ ಸೇರಿಸಿದ್ದರು. ಒಂದನೇ ಕೋಣೆಯಲ್ಲಿ ಬೆಳಗ್ಗೆ ಆರಕ್ಕೆ ದೀಪ ಹತ್ತಿ ಸಂಜೆ ಆರಕ್ಕೆ ಆರುತ್ತಿತ್ತು, ದಿನವೂ ಹಾಗೆಯೇ. ಎರಡನೇ ಕೋಣೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಹಗಲು ರಾತ್ರಿಯ ಹೊತ್ತನ್ನು ಸರಿಸುತ್ತಿದ್ದರು, ಪಾಳಿ ಬದಲಾಗುವ ಕೆಲಸಗಾರರಿಗೆ ಆಗುವ ಹಾಗೆ. ಎರಡನೇ ಕೋಣೆಯ ಗೆಡ್ಡೆಗಳು ಬೇಗ ಬೆಳೆಯಬಹುದು ಎಂಬುದು ಮೇಡಂ ಅವರ ಊಹೆ.

ಹದಿನಾಲ್ಕು ವಾರ ಅಳೆದು ನೋಡಿದರೆ ಎರಡೂ ಕೋಣೆಯಲ್ಲಿ ಗೆಡ್ಡೆ ಒಂದೇ ಸಮನೆ ಬೆಳೆದಿತ್ತು.

"ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು" ಎಂದು ಮೇಡಂ ಕೈಚೀಲ ಮೇಜಿನ ಮೇಲೆ ಬಿಸಾಡಿದರು. "ಮೂರು ವರ್ಷದ ತಯಾರಿ! ಮುಂದಿನ ತಿಂಗಳು ಸಮಿತಿ ಕೂರುತ್ತೆ. ಪ್ರಯೋಗ ಮುಚ್ಚಿ ಅಂತಾರೆ, ಅಷ್ಟೆ."

ಇಲಿಯಮ್ಮ ಬಾಟಲಿಗಳನ್ನು ಜೋಡಿಸುತ್ತಾ, "ಮುಚ್ಚೋಕೆ ಮುಂಚೆ ಒಂದು ಮಾತು ಕೇಳ್ತೀರಾ?" ಎಂದಳು.

"ಹೇಳಿ."

"ಒಂದನೇ ಕೋಣೆಯ ಇಲಿಗಳು ಸರಿಯಾಗಿ ಮಲಗ್ತಿಲ್ಲ."

ಮೇಡಂ ದಣಿದ ನಗೆ ನಕ್ಕರು. ಗೋಡೆಯ ಮೇಲಿನ ಪಟ್ಟಿ ತೋರಿಸಿದರು. ದೀಪ ಹತ್ತಿದ್ದು, ಆರಿದ್ದು, ನಿಮಿಷ ಸಮೇತ ಯಂತ್ರವೇ ಗುರುತು ಹಾಕಿದ್ದ ಪಟ್ಟಿ ಅದು. ಒಂದು ದಿನವೂ ತಪ್ಪಿರಲಿಲ್ಲ.

"ಪಟ್ಟಿ ಚೆನ್ನಾಗಿ ಮಲಗಿದೆ ಮೇಡಂ, ಇಲಿ ಮಲಗಿಲ್ಲ" ಎಂದಳು ಇಲಿಯಮ್ಮ. "ಇಲಿ ರಾತ್ರಿ ಓಡಾಡೋ ಪ್ರಾಣಿ. ಬೆಳಗ್ಗೆ ನಾನು ಬರೋ ಹೊತ್ತಿಗೆ ಒಂದರ ಮೇಲೊಂದು ಬಿದ್ದು ರಾಶಿಯಾಗಿ ಮಲಗಿರಬೇಕು. ಇವು ಹತ್ತು ಗಂಟೆಗೂ ಚೆಲ್ಲಾಪಿಲ್ಲಿ ಕೂತು ಕಾಳು ಕೆದಕ್ತಿರ್ತವೆ. ಹಿಂದೆಲ್ಲ ನೀರು ಕುಡಿಯೋದೂ ರಾತ್ರಿನೇ. ಸುಳ್ಳು ಅನ್ಸಿದ್ರೆ ಇದನ್ನ ನೋಡಿ."

ಅವಳು ಏಪ್ರನ್ನಿನ ಜೇಬಿನಿಂದ ಒಂದು ಮಾಸಲು ಪುಸ್ತಕ ತೆಗೆದಳು. ಬಾಟಲಿಗಳಿಗೆ ಬೆಳಗ್ಗೆ ಒಂದು, ಸಂಜೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ನೀರು ಎಷ್ಟು ಬೆರಳು ಇಳಿಯಿತು ಎಂದು ಆರು ವಾರ ಬರೆದಿಟ್ಟಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ. ಒಂದನೇ ಕೋಣೆಯ ಇಲಿಗಳು ರಾತ್ರಿ ಮೂರು ಬೆರಳು ಕುಡಿದರೆ ಹಗಲು ಎರಡೂವರೆ ಕುಡಿದಿದ್ದವು. ರಾತ್ರಿ ಯಾವುದು, ಹಗಲು ಯಾವುದು ಎಂಬ ಲೆಕ್ಕವೇ ಅವುಗಳಿಗೆ ತಪ್ಪಿಹೋಗಿತ್ತು.

ಮೇಡಂ ಪುಸ್ತಕ ತಿರುವಿದರು. ಮತ್ತೊಮ್ಮೆ ತಿರುವಿದರು. ಅವರ ಮುಖದಿಂದ ನಗು ಇಳಿದುಹೋಗಿತ್ತು.

"ಇದು ಯಾವಾಗಿಂದ?"

"ಬಾಗಿಲಾಚೆಯ ಓಣಿಯ ಗೋಡೆಗೆ ಬಣ್ಣ ಹೊಡೆದ ಮೇಲಿಂದ, ಈ ಇಲಿಗಳು ಬಂದ ವಾರವೇ ಅದು. ಯಾಕೆ ಅಂತ ನನಗೂ ಗೊತ್ತಿಲ್ಲ. ಇವತ್ತು ಸಂಜೆ ಒಂದು ತಾಸು ಬಿಡುವು ಮಾಡ್ಕೊಳ್ಳಿ, ಇಬ್ಬರೂ ಒಳಗೆ ಕೂತು ನೋಡೋಣ."

ಸಂಜೆ ಆರಕ್ಕೆ ಟೈಮರ್ ಟಕ್ಕೆಂದಿತು, ಒಂದನೇ ಕೋಣೆಯ ದೀಪಗಳು ಆರಿದವು. ಇಬ್ಬರೂ ಮಡಚುವ ಸ್ಟೂಲಿನ ಮೇಲೆ ಗೂಡುಗಳ ಸಾಲಿನ ನಡುವೆ ಕೂತಿದ್ದರು. ಮೊದಲಿಗೆ ಕಣ್ಣಿಗೆ ಕರಿ ಬಟ್ಟೆ ಕಟ್ಟಿದಂಥ ಕತ್ತಲು.

"ಏನೂ ಕಾಣ್ತಿಲ್ಲವಲ್ರೀ" ಎಂದರು ಮೇಡಂ.

"ಅವಸರ ಮಾಡ್ಬೇಡಿ. ಕಣ್ಣು ಪಳಗ್ಬೇಕು. ಅಲ್ಲೀವರೆಗೂ ಏನಾದ್ರೂ ಮಾತಾಡೋಣ."

ಸುತ್ತಲೂ ಹೊಟ್ಟಿನಲ್ಲಿ ಪರಪರ ಸದ್ದು ಶುರುವಾಯಿತು. ಕತ್ತಲಲ್ಲಿ ಎದುರಿನವರ ಮುಖ ಕಾಣದಿದ್ದರೆ ಮಾತು ಸಲೀಸು. ಇಲಿಯಮ್ಮ ತಿಂಗಳಿಂದ ನಾಲಿಗೆ ತುದಿಯಲ್ಲಿದ್ದ ಪ್ರಶ್ನೆಯನ್ನು ಹೊರಹಾಕಿದಳು.

"ನಮ್ಮಕ್ಕ ಹದಿನೆಂಟು ವರ್ಷ ರಾತ್ರಿ ಪಾಳಿ ಮಾಡಿದ್ದಾಳೆ. ಈಗ ಎದೆಯ ಕ್ಯಾನ್ಸರ್. ನಾನು ಇಲ್ಲಿನ ಸುದ್ದಿ ಮನೇಲಿ ಹೇಳಿದ್ದೇ ತಪ್ಪಾಯ್ತು. ದಿನಾ ಕೇಳ್ತಾಳೆ, 'ನಾನೇ ಕೇಳಿ ತಗೊಂಡ ಪಾಳಿಯಿಂದ ಬಂತಾ ಇದು?' ಅಂತ. ನಾನೇನು ಹೇಳ್ಲಿ ಅವಳಿಗೆ?"

ಮೇಡಂ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು.

"ಸಮಾಧಾನಕ್ಕೆ ಹೇಳ್ಲಾ, ನಿಜ ಹೇಳ್ಲಾ?"

"ಸಮಾಧಾನ ನಾನೇ ಹೇಳಬಲ್ಲೆ."

"ಹಾಗಾದ್ರೆ ಕೇಳಿ. ನಮ್ಮ ಮೈಯಲ್ಲಿ ಒಂದೊಂದು ಕಣಕ್ಕೂ ಒಂದು ಪಾಳಿ ಇದೆ. ಈ ಹೊತ್ತಿಗೆ ಬೆಳೀಬೇಕು, ಈ ಹೊತ್ತಿಗೆ ಮುರಿದದ್ದನ್ನ ರಿಪೇರಿ ಮಾಡ್ಬೇಕು ಅಂತ. ಕತ್ತಲಾದಾಗ ಮಾತ್ರ ಮೈಯಲ್ಲಿ ಹುಟ್ಟೋ ಒಂದು ರಸ ಇದೆ, ಅದು 'ರಾತ್ರಿಯಾಯ್ತು' ಅಂತ ಮೈಗೆಲ್ಲ ಹೇಳುತ್ತೆ. ರಾತ್ರಿಯಿಡೀ ಬೆಳಕಲ್ಲಿದ್ರೆ ಆ ಸುದ್ದಿ ಸರಿಯಾಗಿ ಮುಟ್ಟೋದಿಲ್ಲ. ವರ್ಷಗಟ್ಟಲೆ ಹಾಗಾದ್ರೆ ರಿಪೇರಿ ಕೆಲಸ ಹಿಂದೆ ಬೀಳಬಹುದು, ಅಪಾಯ ಸ್ವಲ್ಪ ಹೆಚ್ಚಬಹುದು ಅನ್ನೋ ಅನುಮಾನ ಇದೆ. ಸಾವಿರಾರು ಜನರನ್ನ ಒಟ್ಟಿಗೆ ನೋಡಿದಾಗ ಹೇಳೋ ಮಾತು ಇದು. ಒಬ್ಬಳನ್ನ ತೋರಿಸಿ, ಇವಳಿಗೆ ಇದರಿಂದಲೇ ಬಂತು ಅಂತ ನಾನಲ್ಲ, ಯಾರೂ ಹೇಳೋಕಾಗಲ್ಲ. ರಾತ್ರಿ ದುಡಿದ ಬಹಳಷ್ಟು ಹೆಂಗಸರಿಗೆ ಬಂದಿಲ್ಲ. ಒಂದು ರಾತ್ರಿಯೂ ನಿದ್ದೆ ಕೆಡದವರಿಗೆ ಬಂದಿದೆ."

"ಹಾಗಾದ್ರೆ ಅವಳ ತಪ್ಪಿಲ್ಲ."

"ಮಗಳನ್ನ ಓದಿಸೋಕೆ ದುಡಿದದ್ದು ಯಾವ ಲೆಕ್ಕದಲ್ಲೂ ತಪ್ಪಲ್ಲ."

ಇಲಿಯಮ್ಮ ಮೂಗು ಒರೆಸಿಕೊಂಡಳು. ಕತ್ತಲಿದ್ದದ್ದು ಒಳ್ಳೆಯದೇ ಆಯಿತು. ಆಮೇಲೆ ಏಪ್ರನ್ನಿನ ಪಟ್ಟಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಜೇಬಿನಿಂದ ದಾರ ಎಳೆದು, ಕೈ ಎತ್ತಿ ಹಿಡಿದಳು.

"ಮೇಡಂ, ಈಗ ಇತ್ತ ನೋಡಿ."

ಎರಡನೇ ಪ್ರಯತ್ನಕ್ಕೆ ದಾರ ಸೂಜಿಯ ಕಣ್ಣು ಹೊಕ್ಕಿತು.

ಮೇಡಂ ಎದ್ದು ನಿಂತ ರಭಸಕ್ಕೆ ಸ್ಟೂಲು ಬಿತ್ತು. ಎದುರಿನ ಗೂಡಿನ ಚೀಟಿಯತ್ತ ಬಗ್ಗಿದರು. "ನಲವತ್ತೇಳು... ನಲವತ್ತೆಂಟು... ಅಯ್ಯೋ, ಅಂಕಿ ಓದ್ತಾ ಇದೀನಿ ನಾನು!" ರಾತ್ರಿ ಎಂದು ಅವರು ನಂಬಿಕೊಂಡಿದ್ದ ಕೋಣೆಯಲ್ಲಿ ಬೆಳಕಿತ್ತು. ಬಾಗಿಲ ಕೆಳಗೆ ಒಂದು ಬೆರಳಗಲದ ಬಿಳಿ ಗೆರೆ. ಬಾಗಿಲಿನ ಪುಟ್ಟ ಗಾಜಿಗೆ ಅಂಟಿಸಿದ್ದ ಕರಿ ಕಾಗದದ ಒಂದು ಮೂಲೆ ಎದ್ದು, ಅಲ್ಲಿಂದ ಬೆಳಕು ಮೇಲಿನ ಸಾಲಿನ ಗೂಡುಗಳ ಮೇಲೆ ನೇರವಾಗಿ ಬೀಳುತ್ತಿತ್ತು. ಹೊರಗೆ ಬಂದು ನೋಡಿದರೆ, ಓಣಿಗೆ ಬಣ್ಣ ಹೊಡೆದವರು ಹಳೆಯ ಮಂಕು ದೀಪ ಕಿತ್ತು, ಭದ್ರತೆಗೆಂದು ಹಾಲಿನಂಥ ಬೆಳಕಿನ ಹೊಸ ದೀಪವನ್ನು ಸರಿಯಾಗಿ ಒಂದನೇ ಕೋಣೆಯ ಎದುರಿಗೇ ಹಾಕಿದ್ದರು. ಅದು ಇರುಳಿಡೀ ಉರಿಯುತ್ತಿತ್ತು. ಎರಡನೇ ಕೋಣೆ ಓಣಿಯ ತಿರುವಿನಾಚೆ ಇತ್ತು.

"ಇಷ್ಟು ಬೆಳಕು ಸಾಕಾ ಮೇಡಂ, ಕೆಡಿಸೋಕೆ?"

"ಸಾಕಾಗಬಹುದು. ಎರಡೂ ಕೋಣೆಯ ಇಲಿಗಳ ನಿದ್ದೆ ಕೆಡಿಸಿ, ಯಾಕೆ ವ್ಯತ್ಯಾಸ ಇಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದೀನಿ ನಾನು!" ಮೇಡಂ ಗೋಡೆಗೆ ಒರಗಿ ನಗತೊಡಗಿದರು. ಅವರು ಅಷ್ಟು ಜೋರಾಗಿ ನಗುವುದನ್ನು ಇಲಿಯಮ್ಮ ನೋಡಿದ್ದು ಅದೇ ಮೊದಲು.

ದೀಪ ತೆಗೆಸುವುದು ಅಷ್ಟು ಸುಲಭವಾಗಲಿಲ್ಲ. ಆಡಳಿತದ ಅಧಿಕಾರಿ ಕನ್ನಡಕ ಹಣೆಗೇರಿಸಿ, "ಭದ್ರತಾ ದೀಪ ಆರಿಸೋಕೆ ಬರಲ್ಲ. ಅರ್ಜಿ ಕೊಡಿ, ನೋಡೋಣ" ಎಂದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂದು ಗೊಣಗಿಕೊಂಡು ಇಲಿಯಮ್ಮ ಹೊರಬಂದಳು. ಅರ್ಜಿಯನ್ನು ಮೇಡಂ ಕೊಟ್ಟರು. ಇತ್ತ ಇಲಿಯಮ್ಮ ಬಾಗಿಲಿನ ಅಳತೆ ತೆಗೆದು, ದಪ್ಪ ಕರಿ ಬಟ್ಟೆ ತಂದು ಮನೆಯ ಮೇಜಿನ ಮೇಲೆ ಹರವಿದಳು.

ಅಕ್ಕನಿಗೆ ಔಷಧಿ ಏರಿಸಿ ಆರು ದಿನವಾಗಿತ್ತು. ತಲೆಗೆ ಹತ್ತಿಯ ಟೋಪಿ, ಕಣ್ಣ ಕೆಳಗೆ ಕಪ್ಪು. ಗೋಡೆ ಹಿಡಿದುಕೊಂಡು ಬಂದು ಬಟ್ಟೆ ಮುಟ್ಟಿ ನೋಡಿದಳು.

"ಏನೇ ಇದು? ಯಾರಿಗೆ?"

"ಇಲಿಗಳಿಗೆ ಪರದೆ."

"ನನ್ನ ಕಿಟಕಿಗೆ ಹದಿನೆಂಟು ವರ್ಷ ಹರಕು ಟವೆಲ್ಲು, ನಿನ್ನ ಇಲಿಗೆ ಎರಡು ಪದರದ ಪರದೆಯಾ?" ಎಂದು ಅಕ್ಕ ಹುಬ್ಬು ಹಾರಿಸಿದಳು. ಹುಬ್ಬಿನ ಕೂದಲು ಉದುರಿದ್ದರೂ ಹಾರಿಸುವ ಗತ್ತು ಹಾಗೇ ಇತ್ತು. "ಸರಿ ಸರಿ, ಆ ಕಡೆ ಸರಿ. ನೀನು ಹೊಲಿದ್ರೆ ಪರದೆ ಆಗಲ್ಲ, ಮೀನಿನ ಬಲೆ ಆಗುತ್ತೆ."

ಹೊಲಿಗೆ ಯಂತ್ರದ ಮುಂದೆ ಕೂತು, ನಡುನಡುವೆ ದಣಿವಾರಿಸಿಕೊಂಡು, ಎರಡು ದಿನದಲ್ಲಿ ಅಕ್ಕ ಪರದೆ ಮುಗಿಸಿದಳು. ಕೆಳಗಿನ ಅಂಚು ನೆಲಕ್ಕೆ ಕೂರಲೆಂದು ಮರಳು ತುಂಬಿದ ಉದ್ದನೆಯ ಚೀಲವನ್ನೂ ಹೊಲಿದಳು. ಹೊಲಿಯುವಾಗಲೇ ಇಲಿಯಮ್ಮ ಮೇಡಂ ಹೇಳಿದ್ದೆಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದಳು. ಅಕ್ಕ ತಲೆ ಎತ್ತದೆ ಕೇಳಿದಳು. ಕೊನೆಗೆ ಯಂತ್ರದ ಚಕ್ರ ನಿಲ್ಲಿಸಿ, "ಯಾರೂ ಹೇಳೋಕಾಗಲ್ಲ ಅಂದ್ರಾ?" ಎಂದಳು.

"ಹೂಂ. ಯಾರೂ."

"ಹಾಗಾದ್ರೆ ನಾನು ಯಾಕೆ ದಿನಾ ನನ್ನ ಮೇಲೆ ತೀರ್ಪು ಬರ್ಕೋತಿದೀನಿ?" ಎಂದು ಕೈಗೆ ಸಿಕ್ಕ ಕರಿ ಬಟ್ಟೆಯ ತುಂಡಿನಿಂದಲೇ ಕಣ್ಣೊರೆಸಿಕೊಂಡು ಮತ್ತೆ ಚಕ್ರ ತಿರುಗಿಸಿದಳು. ಆ ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲ.

ಆದರೆ ಅವಳ ನಿದ್ದೆ ಮಾತ್ರ ಸರಿಹೋಗಿರಲಿಲ್ಲ. ಔಷಧಿ ಏರಿಸಿದ ಮೂರು ನಾಲ್ಕು ದಿನವಂತೂ ಜಪ್ಪಯ್ಯ ಎಂದರೂ ಕಣ್ಣು ಮುಚ್ಚುತ್ತಿರಲಿಲ್ಲ. ಇಲಿಗಳ ನೀರು ಅಳೆದವಳು ಅಕ್ಕನನ್ನು ಬಿಟ್ಟಾಳೆಯೇ? ಯಾವಾಗ ಮಲಗಿದಳು, ಯಾವಾಗ ಎದ್ದಳು, ಯಾವ ಮಾತ್ರೆ ಎಷ್ಟು ಹೊತ್ತಿಗೆ ಎಂದು ಒಂದು ಪಟ್ಟಿ ಬರೆದಳು. ವಾಂತಿ ತಡೆಯಲು ಕೊಟ್ಟ ಮಾತ್ರೆಯನ್ನು ಅಕ್ಕ ಬೆಳಗ್ಗೆ ಒಂದು, ರಾತ್ರಿ ಊಟವಾದ ಮೇಲೆ ಒಂದು ನುಂಗುತ್ತಿದ್ದಳು. ಆ ದಿನಗಳಲ್ಲೇ ನಿದ್ದೆ ಹಾರುತ್ತಿತ್ತು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಪಟ್ಟಿಯನ್ನು ವೈದ್ಯರ ಮುಂದಿಟ್ಟಳು.

ವೈದ್ಯರು ಪಟ್ಟಿಯ ಮೇಲೆ ಬೆರಳಾಡಿಸಿದರು. "ಈ ಮಾತ್ರೆ ನಿದ್ದೆ ಕೆಡಿಸೋದು ಹೌದು. ಎರಡನೆಯದನ್ನ ಮಧ್ಯಾಹ್ನವೇ ತಗೊಳ್ಳಲಿ, ರಾತ್ರಿ ಬೇಡ. ನಿದ್ದೆ ಬರ್ತಿಲ್ಲ ಅಂತ ನೀವು ಮುಂಚೆನೇ ಹೇಳ್ಬಾರದಾ ಅಮ್ಮ?"

"ಕ್ಯಾನ್ಸರ್ ಮುಂದೆ ನಿದ್ದೆ ಯಾವ ದೊಡ್ಡ ವಿಷಯ ಅಂತ ಸುಮ್ನಿದ್ದೆ" ಎಂದಳು ಅಕ್ಕ.

"ದೊಡ್ಡ ವಿಷಯವೇ. ನಿದ್ದೆಯಿಂದ ಕಾಯಿಲೆ ವಾಸಿಯಾಗುತ್ತೆ ಅಂತ ನಾನು ಹೇಳಲ್ಲ. ಆದರೆ ಈ ಔಷಧಿಯನ್ನ ತಡ್ಕೊಳ್ಳೋ ಶಕ್ತಿ ಮೈಗೆ ಬೇಕಲ್ಲ, ಅದಕ್ಕೆ ನಿದ್ದೆ ಬೇಕು. ಬೆಳಗ್ಗೆ ಎದ್ದು ಸ್ವಲ್ಪ ಬಿಸಿಲಲ್ಲಿ ನಡೀರಿ. ಹಗಲು ಹಗಲಿನ ಹಾಗಿದ್ರೆ ರಾತ್ರಿ ರಾತ್ರಿಯ ಹಾಗಿರುತ್ತೆ."

ಮನೆಯಲ್ಲಿ ಇಲಿಯಮ್ಮನ ಆಡಳಿತ ಶುರುವಾಯಿತು. ಉಳಿದ ಕರಿ ಬಟ್ಟೆ ಅಕ್ಕನ ಕಿಟಕಿಗೇರಿತು. ಅಕ್ಕನ ಪಕ್ಕ ಮಲಗಿ ಫೋನು ನೋಡುತ್ತಿದ್ದ ಮಗಳ ಹಾಸಿಗೆ ಹೊರಕೋಣೆಗೆ ಬಂತು. "ಚಿಕ್ಕಮ್ಮ, ನಾನೇನು ನಿನ್ನ ಪ್ರಯೋಗದ ಇಲಿಯಾ?" ಎಂದು ಹುಡುಗಿ ಮುಖ ಊದಿಸಿದಳು. "ಇಲಿಗಳು ಹೇಳಿದ ಮಾತು ಕೇಳ್ತವೆ" ಎಂದಳು ಚಿಕ್ಕಮ್ಮ. ಬೆಳಗ್ಗೆ ಏಳಕ್ಕೆ ಅಕ್ಕನ ಕೈಹಿಡಿದು ಮಹಡಿ ಇಳಿಸಿ, ಬೀದಿಯ ಕೊನೆಯ ಅಂಚೆ ಡಬ್ಬದವರೆಗೆ ಹೋಗಿ ಬರುವುದು. ಮೊದಲ ದಿನ ಅಕ್ಕ ಮೂರು ಕಡೆ ಕೂತಳು. ತಿಂಗಳಾಗುವ ಹೊತ್ತಿಗೆ ಅಂಚೆ ಡಬ್ಬ ದಾಟಿ ಉದ್ಯಾನದ ಬೆಂಚಿಗೆ ಹೋಗಿ, ಅಲ್ಲಿ ಕೂತವರ ಮನೆಯ ಸುದ್ದಿಯನ್ನೆಲ್ಲ ಹೊತ್ತು ತರುತ್ತಿದ್ದಳು. ರಾತ್ರಿ ಹತ್ತಕ್ಕೆ ಗೊರಕೆ.

ಸಮಿತಿಯ ಮುಂದೆ ಮೇಡಂ ಮುಚ್ಚುಮರೆ ಮಾಡಲಿಲ್ಲ. ನಮ್ಮ ಒಂದನೇ ಕೋಣೆಯಲ್ಲಿ ರಾತ್ರಿಯೇ ಇರಲಿಲ್ಲ, ಅದನ್ನು ಪತ್ತೆ ಮಾಡಿದವರು ಇಲಿಮನೆಯ ಇವರು ಎಂದು ಜೊತೆಯಲ್ಲಿ ಕರೆತಂದಿದ್ದ ಇಲಿಯಮ್ಮನನ್ನು ತೋರಿಸಿ, ರಬ್ಬರ್ ಬ್ಯಾಂಡಿನ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಹಿರಿಯರೊಬ್ಬರು, "ನೀರು ಬೆರಳಲ್ಲಿ ಅಳೆದದ್ದಾ?" ಎಂದು ಹುಬ್ಬೇರಿಸಿದರು.

"ಹೌದು ಸಾರ್. ಇಪ್ಪತ್ತೆರಡು ವರ್ಷದಿಂದ ಅದೇ ಬೆರಳು, ಉದ್ದ ಆಗಿಲ್ಲ, ಗಿಡ್ಡ ಆಗಿಲ್ಲ" ಎಂದಳು ಇಲಿಯಮ್ಮ.

ಕೋಣೆಯಲ್ಲಿ ನಗು ಎದ್ದಿತು. ಪ್ರಯೋಗವನ್ನು ಹೊಸದಾಗಿ ಮಾಡಲು ಒಪ್ಪಿಗೆ ಸಿಕ್ಕಿತು.

ಮತ್ತೆ ಹೊಸ ಇಲಿಗಳು, ಮತ್ತೆ ಹದಿನಾಲ್ಕು ವಾರ. ಈ ಸಲ ಪರದೆಯ ಹಿಂದಿನ ಒಂದನೇ ಕೋಣೆಯಲ್ಲಿ ದೀಪ ಆರಿದ ಮೇಲೆ ಒಂದು ತಾಸು ಕೂತರೂ ಮೇಡಂಗೆ ತಮ್ಮ ಕೈ ತಮಗೆ ಕಾಣಲಿಲ್ಲ. ಬೆಳಗ್ಗೆ ಇಲಿಗಳು ರಾಶಿಬಿದ್ದು ಮಲಗಿರುತ್ತಿದ್ದವು. ಕೊನೆಯ ಅಳತೆಯ ದಿನ ಮೇಡಂ ಅಂಕಿಗಳನ್ನು ಎರಡು ಸಲ ಕೂಡಿಸಿ ನೋಡಿ, ಹೊರಗೆ ಬಂದು ಇಲಿಯಮ್ಮನ ಎರಡೂ ಕೈ ಹಿಡಿದುಕೊಂಡರು. ರಾತ್ರಿ ಸರಿಯಾಗಿದ್ದ ಇಲಿಗಳ ಗೆಡ್ಡೆ ನಿಧಾನವಾಗಿ ಬೆಳೆದಿತ್ತು. ಎಲ್ಲದರದ್ದೂ ಅಲ್ಲ. ಐದಾರು ಇಲಿಗಳಲ್ಲಿ ಎಷ್ಟು ನಿದ್ದೆಯಿದ್ದರೂ ಗೆಡ್ಡೆ ತನ್ನ ಪಾಡಿಗೆ ಬೆಳೆದಿತ್ತು. ಯಾಕೆಂದು ಮೇಡಂಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಅಂತಲೇ ಬರೀತೀನಿ" ಎಂದರು. "ಇವು ಇಲಿಗಳು, ಮನುಷ್ಯರಲ್ಲ ಅಂತಲೂ ಬರೀತೀನಿ. ಆದರೆ ಮುಂದೆ ಹೋಗೋಕೆ ದಾರಿ ಕಾಣ್ತಿದೆ." ಆ ಐದಾರು ಇಲಿಗಳ ಗೂಡುಗಳನ್ನು ಇಲಿಯಮ್ಮ ಆ ದಿನ ತಾನೇ ತೊಳೆದಳು. ಬೇರೆ ಯಾರಿಗೂ ಬಿಡಲಿಲ್ಲ.

ಅಕ್ಕನ ಚಿಕಿತ್ಸೆ ಮುಗಿಯಿತು. ತಪಾಸಣೆಯಲ್ಲಿ ಸದ್ಯಕ್ಕೆ ಏನೂ ಕಾಣಲಿಲ್ಲ, ಆರು ತಿಂಗಳಿಗೆ ಬನ್ನಿ ಎಂದರು. ತಲೆಯ ಮೇಲೆ ಗರಿಕೆಯಂತೆ ಕೂದಲು ಚಿಗುರಿದಾಗ ಅವಳು ಬಿಸ್ಕತ್ ಕಾರ್ಖಾನೆಗೆ ಹೊರಟಳು, ಕೆಲಸಕ್ಕೆ ವಾಪಸಾಗಲು. ಪಾಳಿ ಬದಲಾವಣೆಯ ಅರ್ಜಿಯಲ್ಲಿ ಕಾರಣ ಎಂಬ ಜಾಗವಿತ್ತು. ಅಲ್ಲಿ ಒಂದೇ ಪದ ಬರೆದಳು: ನಿದ್ದೆ.

ವ್ಯವಸ್ಥಾಪಕರು ಕಾಗದ ಹಿಂದಕ್ಕೆ ತಳ್ಳಿದರು. "ಇದೊಂದು ಕಾರಣವೇನಮ್ಮ? ಕಾಯಿಲೆ ಅಂತ ಬರೀರಿ, ನಿಮ್ಮೊಬ್ಬರಿಗೆ ಹಗಲು ಪಾಳಿ ಕೊಡ್ತೀನಿ."

"ಕಾಯಿಲೆ ಅಂತ ಬರೆದ್ರೆ ನನ್ನೊಬ್ಬಳಿಗೇ ಆಗುತ್ತೆ ಸಾರ್. ನಿದ್ದೆ ಎಲ್ಲರಿಗೂ ಬೇಕು. ಕಾಯಿಲೆ ಬಂದ ಮೇಲೆ ಮಲಗೋಕೆ ಬಿಡೋ ಬದಲು ಬರೋಕೆ ಮುಂಚೆ ಬಿಡಿ ಅಂತೀನಿ."

ಊಟದ ಬಿಡುವಿನಲ್ಲಿ ಈ ಮಾತು ಪ್ಯಾಕಿಂಗ್ ಸಾಲಿನ ಈ ತುದಿಯಿಂದ ಆ ತುದಿಗೆ ಹೋಯಿತು. ಸಂಜೆಯೊಳಗೆ ವ್ಯವಸ್ಥಾಪಕರ ಮೇಜಿನ ಮೇಲೆ ಹದಿನೇಳು ಅರ್ಜಿ ಕೂತಿದ್ದವು, ಹದಿನೇಳರಲ್ಲೂ ಒಂದೇ ಕಾರಣ. ಅವರು ರೇಗಿದರು, ಮೇಲಿನವರಿಗೆ ಫೋನು ಮಾಡಿದರು, ಎರಡು ವಾರ ಎಳೆದಾಡಿದರು. ರಾತ್ರಿ ಪಾಳಿ ನಿಲ್ಲಲಿಲ್ಲ. ಒಲೆಗಳು ಇರುಳೂ ಉರಿಯಲೇಬೇಕು. ಆದರೆ ಯಾರಿಗೂ ವರ್ಷದಲ್ಲಿ ಮೂರು ತಿಂಗಳಿಗಿಂತ ಹೆಚ್ಚು ರಾತ್ರಿ ಪಾಳಿ ಇಲ್ಲ, ವಾರ ವಾರ ಬದಲಾಯಿಸುವುದಿಲ್ಲ ಎಂದು ಹೊಸ ಪಟ್ಟಿ ಫಲಕಕ್ಕೆ ಬಂತು. ಕಾಯಿಲೆಯವರಿಗೆ, ಎಳೆಮಕ್ಕಳ ತಾಯಂದಿರಿಗೆ ಹಗಲು ಮಾತ್ರ.

ಅಕ್ಕ ಹಗಲು ಪಾಳಿಯ ಮೊದಲ ದಿನ ಮುಗಿಸಿ ಬಂದಾಗ ಬೀದಿಯಲ್ಲಿ ಇನ್ನೂ ಬಿಸಿಲಿತ್ತು. ಚಪ್ಪಲಿ ಬಿಚ್ಚಿ, ಕುರ್ಚಿಯಲ್ಲಿ ಕಾಲು ಚಾಚಿ ಕೂತಳು. ಇಲಿಯಮ್ಮ ಚಹಾ ತಂದಿಟ್ಟು, "ಹೇಗಿತ್ತು?" ಎಂದಳು.

"ಹದಿನೆಂಟು ವರ್ಷದಲ್ಲಿ ಮೊದಲ ಸಲ ನಮ್ಮ ಕಾರ್ಖಾನೆಗೆ ಕಿಟಕಿಗಳಿವೆ ಅಂತ ಗೊತ್ತಾಯ್ತು ಕಣೇ" ಎಂದಳು ಅಕ್ಕ. "ಮಧ್ಯಾಹ್ನ ಎರಡಕ್ಕೆ ಮಾತ್ರ ಸಿಕ್ಕಾಪಟ್ಟೆ ತೂಕಡಿಕೆ ಬಂತು. ಇಪ್ಪತ್ತು ಪೊಟ್ಟಣಕ್ಕೆ ಲೇಬಲ್ ತಲೆಕೆಳಗೆ ಅಂಟಿಸಿಬಿಟ್ಟೆ."

"ಬೈದ್ರಾ?"

"ಬೈಯೋಕೆ ಬಂದವರಿಗೆ, 'ರೂಢಿಯಾಗೋವರೆಗೂ ತಡ್ಕೊಳ್ಳಿ, ನಿಮ್ಮ ರಾತ್ರಿಗಳನ್ನ ನಾನು ಹದಿನೆಂಟು ವರ್ಷ ತಡ್ಕೊಂಡಿಲ್ವಾ?' ಅಂದೆ" ಎಂದು ಅಕ್ಕ ಚಹಾಕ್ಕೆ ಕೈ ಚಾಚಿದಳು.